ನಡುಮನೆಯ ಅಂಚೆ

ಅಡುಗೆಮನೆಯಿಂದ ಪಡಸಾಲೆಗೆ ಹನ್ನೊಂದು ಹೆಜ್ಜೆ.
ನಾನೇ ಎಣಿಸಿದ್ದು. ಓಡಿದರೆ ಆರು.

‘ನಿಮ್ಮಪ್ಪಗೆ ಹೇಳು, ಉಣ್ಣಾಕೆ ಬರ್ಬೇಕಂತೆ.’
‘ನಿಮ್ಮವ್ವಗೆ ಹೇಳು, ಹಸಿವಿಲ್ಲಂತೆ.’
ನಡುವೆ ಒಂದು ಹೊಸಿಲು. ಹೊಸಿಲ ಮೇಲೆ
ಫ್ರಾಕಿನ ಲಾಡಿ ಕಚ್ಚುತ್ತ ನಾನು,
ಆ ಮನೆಯ ಅಂಚೆ, ಆ ಮನೆಯ ತಂತಿ.

ಅವ್ವ ಕೊಟ್ಟದ್ದು: ಸತ್ತರೂ ಕೇಳಲ್ಲ ಅನ್ನು.
ನಾನು ಮುಟ್ಟಿಸಿದ್ದು: ಸಾರು ಬಿಸಿ ಐತಂತೆ.
ಅಪ್ಪ ಕೊಟ್ಟದ್ದು: ಅವಳ ತವರಿಗೆ ಬೆಂಕಿ ಬೀಳಲಿ.
ನಾನು ಮುಟ್ಟಿಸಿದ್ದು: ಆಮೇಲೆ ಬರ್ತಾನಂತೆ.
ಏಳನೇ ವಯಸ್ಸಿಗೇ ಹೀಗೆ
ಮಾತಿನ ಹೊಟ್ಟು ಕೇರಿ, ಕಲ್ಲು ಆರಿಸಿ,
ಅಕ್ಕಿಯಷ್ಟನ್ನೇ ಕೊಡಲು ಕಲಿತೆ.
ಆರಿಸಿದ ಕಲ್ಲು ಎಲ್ಲಿ ಹಾಕಿದೆ ಅಂತ
ಯಾರೂ ಕೇಳಲಿಲ್ಲ.

ಕಿಟಕಿಯಾಚೆ ಮಂಡಕ್ಕಿ ಭಟ್ಟಿ.
ಕಾದ ಮರಳಿಗೆ ಬಿದ್ದ ಅಕ್ಕಿ
ಕಣ್ಣು ಮಿಟುಕಿಸುವಷ್ಟರಲ್ಲಿ ಅರಳಿ ಹಗುರಾಗುವ ಸದ್ದು.
ನಮ್ಮಲ್ಲಿ ಎಲ್ಲ ಕಾಯುತ್ತಲೇ ಇತ್ತು,
ಅರಳಿದ್ದು ಕಾಣೆ.

ತಿಪ್ಪೇಶನದು ದುರ್ಗದ ಕಡೆಯ ಮನೆ.
ಐದು ಮಕ್ಕಳು, ತಾಟು ತಾಟಿಗೂ ಜಗಳ,
ಬೈದ ಉಸಿರಲ್ಲೇ ಉಪ್ಪು ಕೇಳುವ ಜನ.
ಅವನ ಕೆಲಸ ಗುಡ್ಡದ ಮೇಲಿನ ಗಾಳಿಯಂತ್ರದಲ್ಲಿ;
ಎಂಬತ್ತು ಮೀಟರ್ ಏಣಿ ಹತ್ತಿ
ತಿರುಗುವ ಕೀಲಿಗೆ ಗ್ರೀಸು ಹಚ್ಚಿ ಇಳಿಯುತ್ತಾನೆ.
ಗಾಳಿಯ ಜೊತೆ ಮಾತಾಡಿ ಮಾತಾಡಿ
ಫೋನಿನಲ್ಲೂ ಕೂಗುತ್ತಾನೆ.
ಅವನ ಮನೆ ಸುಮ್ಮನಾಯಿತೆಂದರೆ
ಯಾರೋ ತೀರಿಕೊಂಡರು ಅಂತ.

ನಾನು ಮೂರು ದಿನ ಸುಮ್ಮನಿದ್ದೆ.
ನನ್ನ ಹುಟ್ಟಿದ ದಿನ ಮರೆತಿದ್ದ, ಅಷ್ಟೇ.

ನಾಲ್ಕನೇ ದಿನ ಲ್ಯಾಬಿನ ಬಾಗಿಲಿಗೇ ಬಂದ,
ಹೆಲ್ಮೆಟ್ಟೂ ತೆಗೆಯದೆ, ಸೂತಕದ ಮುಖದಲ್ಲಿ.
ಪಿ.ಬಿ. ರಸ್ತೆಯ ಕ್ಯಾಂಟೀನು. ಎರಡು ಚಹಾ.
‘ಏನಾಯ್ತು, ಹೇಳು’ ಅಂದ.
ನಾನು ಗಲ್ಲಾದ ಪಕ್ಕ ಮಗ್ಗಿ ಬರೆಯುತ್ತಿದ್ದ
ಮಾಲೀಕನ ಮಗನ ಕಡೆ ತಿರುಗಿ
‘ಏನಿಲ್ಲ ಅಂತ ಹೇಳಪ್ಪಾ ಇವರಿಗೆ’ ಅಂದುಬಿಟ್ಟೆ.

ಹುಡುಗ ನನ್ನನ್ನು ನೋಡಿದ. ಅವನನ್ನು ನೋಡಿದ.
ಪೆನ್ಸಿಲ್ಲು ಕಿವಿಗೆ ಸಿಕ್ಕಿಸಿ ಎದ್ದು ನಿಂತ.
ಆ ನಿಲುವು ನನಗೆ ಗೊತ್ತು:
ಒಂದು ಕಾಲು ಒಳಗೆ, ಒಂದು ಹೊರಗೆ,
ಯಾರ ಮಾತು ಎಷ್ಟು ಭಾರ ಅಂತ ತೂಗುತ್ತ.

‘ಬೇಡ, ಕೂತ್ಕೋ ಮರಿ’ ಅಂದೆ.
ಕೂತ. ಏಳೆಂಟ್ಲಿ ಐವತ್ತಾರು.

ಈಗ ಆಚೆ ತಿಪ್ಪೇಶ, ಈಚೆ ನಾನು.
ಹೊಸಿಲಿಲ್ಲ, ಓಡುವವರಿಲ್ಲ,
ಎರಡು ಗೇಣು ಸನ್ಮೈಕಾ.
ಗಂಟಲಲ್ಲಿ ಅಷ್ಟೂ ವರ್ಷದ ಕಲ್ಲು.
ಒಂದನ್ನು ತೆಗೆದು ಮೇಜಿನ ಮೇಲಿಟ್ಟೆ,
ತೊಳೆಯದೆ, ಕೇರದೆ:
‘ಮರೆತೆ ನೀನು. ಸಿಟ್ಟು ಬಂದೈತೆ ನಂಗೆ.’
ದನಿ ಅವ್ವನದೇ ಇತ್ತು.

ಅವನು ಕೂಗಲಿಲ್ಲ.
‘ಇನ್ನೊಂದ್ಸಲ ಹೇಳು’ ಅಂದ ಮೆತ್ತಗೆ,
ಅಷ್ಟೆತ್ತರದಲ್ಲಿ ನಿಂತಾಗ
ಕೆಳಗಿನ ಮಾತು ಗಾಳಿಗೆ ಹರಿದುಹೋದರೆ
ಕೇಳುವ ಹಾಗೆ.
ಹೇಳಿದೆ. ಎರಡನೇ ಸಲ ಅಳು ಬಂತು.

ಸಂಜೆ ಮನೆಗೆ ಬಂದರೆ ಒಲೆಯ ಬಳಿಯಿಂದ
‘ನಿಮ್ಮಪ್ಪಗೆ ಹೇಳು…’
‘ಅಲ್ಲೇ ಅದಾನೆ’ ಅಂದೆ ಚಪ್ಪಲಿ ಕಳಚುತ್ತ,
‘ಹನ್ನೊಂದು ಹೆಜ್ಜೆ.’

ಬಳೆ ಸದ್ದು ನಿಂತಿತು. ಪಡಸಾಲೆಯಲ್ಲಿ
ಪೇಪರು ಮಡಿಚಿದ್ದು ಕೇಳಿಸಿತು.
ಯಾರೂ ಏಳಲಿಲ್ಲ.
ಆಮೇಲೆ ಒಲೆಯ ಮೇಲೆ ಏನೋ ಉಕ್ಕಿ
‘ಸಾರು!’ ಅಂದರು ಇಬ್ಬರೂ, ಒಟ್ಟಿಗೇ.
ಯಾರು ಯಾರಿಗೆ ಅಂದದ್ದೋ,
ನಾನಂತೂ ಮುಟ್ಟಿಸಲಿಲ್ಲ.