ಹೆಗಲ ಲೆಕ್ಕ

ಅಪ್ಲೀನ್ ಬಾಯಿಯ ಮುಖ ಹೇಗಿತ್ತೆಂದು ನನ್ನನ್ನು ಕೇಳಬೇಡಿ.
ಪಲ್ಲಕ್ಕಿಗೆ ಪರದೆ ಇತ್ತು, ನನ್ನದು ಮುಂದಿನ ಬಲಹೆಗಲು,
ಹನ್ನೊಂದು ವರ್ಷ ಅವಳು ನನ್ನ ಬೆನ್ನ ಹಿಂದೆ ಇದ್ದಳು.
ತೂಕ ಕೇಳಿ, ಹೇಳುತ್ತೇನೆ.

ಫರಂಗಿಗಳ ಕೋಠಿಗೆ ಹೋಗುವ ರಾತ್ರಿ
ಒಂದು ಮುಡಿ ಅಕ್ಕಿಗಿಂತ ಒಂದಿಷ್ಟು ಹೆಚ್ಚು:
ಕೊರಳಲ್ಲಿ ಪದಕ, ತಲೆಮುಡಿಯಲ್ಲಿ ಚಿನ್ನದ ಬಾಚಣಿಗೆ,
ಮಡಿಲಲ್ಲಿ ಮಡಚಿಟ್ಟ ದಂತದ ಬೀಸಣಿಗೆ.
ಬೋಳಾರದಿಂದ ಬಂದರಿನವರೆಗೆ ಪರದೆಯೊಳಗೆ
ಮೂರು ಬಗೆಯಲ್ಲಿ ನಕ್ಕು ನೋಡುವಳು.
ಪಾದ್ರಿಗೊಂದು, ಹಡಗಿನ ಕಪ್ತಾನನಿಗೊಂದು,
ಅರಮನೆಯ ಅಮಲ್ದಾರನಿಗೆ ಇನ್ನೊಂದು,
ಅದು ಸ್ವಲ್ಪ ತಗ್ಗಿದ ದನಿ.

ಮರಳುವಾಗ ತೂಕ ಕಡಿಮೆ.
‘ಊಟ ಮಾಡಿಲ್ಲ ಮಾರಾಯ, ಬರೀ ಬಡಿಸಿದ್ದಾಳೆ’
ಎನ್ನುವನು ಹಿಂದಿನ ಹೆಗಲಿನ ದೂಜ.

ಸಂಗತಿ ಏನೆಂದರೆ, ಅವಳ ಮತದವರಿಗೆ
ಚಾವಡಿಯಲ್ಲಿ ಕುರ್ಚಿ ಇರಲಿಲ್ಲ,
ಊಟದ ಮೇಜಿನ ಸುತ್ತ ಮಾತ್ರ ಇತ್ತು.
ಗಂಡನ ಅಕ್ಕಿ ಹಡಗು ಅಳಿವೆ ದಾಟುವುದೂ ಬಿಡುವುದೂ
ಅವಳು ಯಾರ ಪಕ್ಕ ಯಾರನ್ನು ಕೂರಿಸಿದಳು
ಎಂಬುದರ ಮೇಲೆ ನಿಂತಿತ್ತು.

ಮೂರು ಸಲ ಭಾರವಾದಳು, ಎರಡು ಸಲ ತೊಟ್ಟಿಲು ಕಟ್ಟಿದರು.
ತೊಟ್ಟಿಲಿಲ್ಲದ ಆ ವಾರವೇ ಕುಣಿತಕ್ಕೆ ಹೊರಟಳು.
ಅಂದು ನಾವು ಹೊತ್ತದ್ದು ಅವಳನ್ನೋ
ಬರೀ ಪರದೆಯನ್ನೋ.
ಪರದೆಯೊಳಗೆ ಮೂರು ನಗುವೂ ಸರದಿಯಂತೆ ಕೇಳಿದವು.

ಆಮೇಲೆ ಆ ಬೂದಿ ಬುಧವಾರ.
ಕೇರಿ ಕೇರಿಯೇ ಎದ್ದು ಘಟ್ಟದ ಕಡೆ ನಡೆಯಿತು,
ಎರಡೂ ಬದಿಗೆ ಬಂದೂಕು.
ನಮ್ಮನ್ನು ಯಾರೂ ಕರೆಯಲಿಲ್ಲ, ಪಲ್ಲಕ್ಕಿ ಜಗಲಿಯಲ್ಲೇ ಇತ್ತು.
ಮುರಕಲ್ಲು ಹಾದಿಯ ಅಂಚಿನಲ್ಲಿ ನಿಂತು
ಮೊದಲ ಸಲ ಅವಳ ಪಾದ ನೋಡಿದೆ.
ಚಿಕ್ಕವು. ನೆಲಕ್ಕೆ ಗುರುತಿಲ್ಲದವು.

ಆ ಪಲ್ಲಕ್ಕಿಯ ಬಿದಿರನ್ನು ನಾನೇ ಬಿಚ್ಚಿ ತಂದೆ.
ನನ್ನ ಬಾವಿಯ ಏತಕ್ಕೆ ಹಾಕಿದೆ.
ಕಳವೆನ್ನಿ ಬೇಕಾದರೆ. ಹದಿನೈದು ಬೇಸಗೆ
ನನ್ನ ಬಸಳೆ ಚಪ್ಪರಕ್ಕೆ ನೀರೆತ್ತಿತು.

ಪಟ್ಟಣ ಬಿದ್ದ ವರ್ಷ ಬಂದಳು, ಒಬ್ಬ ಮಗನೊಂದಿಗೆ.
ಬೋಳಾರದ ಮನೆಯಲ್ಲಿ ಬೇರೆಯವರ ಒಲೆ ಉರಿಯುತ್ತಿತ್ತು.
ನನ್ನ ಅಂಗಳದಲ್ಲಿ ನಿಂತಳು.
ಆಗಲೂ ನಾನು ಮುಖ ನೋಡಲಿಲ್ಲ, ಅಭ್ಯಾಸ.
ಪಾದ ನೋಡಿದೆ: ಈಗ ನನ್ನ ಪಾದದ ಹಾಗೆಯೇ,
ಹಿಮ್ಮಡಿಯಲ್ಲಿ ಬಿರುಕು.
ಏತದ ಕಡೆ ತಿರುಗಿ ಒಮ್ಮೆ ನಕ್ಕಳು,
ಆ ಮೂರರಲ್ಲಿ ಯಾವುದೂ ಅಲ್ಲದ ನಗು.
‘ಇರಲಿ. ಬಾವುಟಗುಡ್ಡದ ದೊರೆಯ ಬಂಗಲೆಗೆ
ಬಾಡಿಗೆಯ ಮಂಚಲು ಸಿಗುತ್ತದಾ?’

ಗಾಜಿನ ಮಣಿ, ಹುಣಸೆಹುಳಿ ಹಾಕಿ ತಿಕ್ಕಿದ ಹಿತ್ತಾಳೆ ಬಾಚಣಿಗೆ.
ದಾರಿಯುದ್ದಕ್ಕೂ ಪರದೆಯೊಳಗೆ ‘ಗುಡೀವಿನಿಂಗ್, ಗುಡೀವಿನಿಂಗ್’,
ಕೊನೆಯ ಅಕ್ಷರ ಪ್ರತಿ ಸಲವೂ ಮೂಗಿನಲ್ಲೇ ಉಳಿಯುತ್ತಿತ್ತು.
ಗುಡ್ಡದ ಬುಡದಲ್ಲಿ ‘ಇಳಿಸು’ ಎಂದಳು.
ಚಪ್ಪಲಿ ಕೈಯಲ್ಲಿ ಹಿಡಿದು, ಸೀರೆ ಎತ್ತಿ ಕಟ್ಟಿ
ನಮಗಿಂತ ಮುಂದೆ ಏರು ಹತ್ತಿದಳು.
ನನ್ನ ಎದೆಯ ಏದುಸಿರು ಅವಳಿಗೆ ಕೇಳಿರಬೇಕು.
ಗೇಟಿನ ಇತ್ತ, ಇಪ್ಪತ್ತು ಹೆಜ್ಜೆ ಉಳಿದಾಗ,
ಪಾದ ಒರೆಸಿ ಮತ್ತೆ ಒಳಗೆ ಕುಳಿತಳು.
‘ನಡೆದು ಬಂದವಳಿಗೆ ದೊರೆ ಗದ್ದೆ ಬಿಡಿಸಿಕೊಡುವುದಿಲ್ಲ’ ಎಂದಳು.

ಇಪ್ಪತ್ತು ಹೆಜ್ಜೆ. ತೂಕ ಮುಕ್ಕಾಲು ಮುಡಿ.
ಪಂಜಿನ ಬೆಳಕಿನಲ್ಲಿ ನಾವು ನಾಲ್ವರೂ
ಊರ ದೊಡ್ಡ ಹೆಂಗಸನ್ನು ಹೊತ್ತವರ ಹಾಗೆ ಬಾಗಿದೆವು.

ಗದ್ದೆ? ಎರಡು ಸಿಕ್ಕಿವೆ.
ಮೂರನೆಯದಕ್ಕೆ ಇನ್ನೂ ಔತಣ ನಡೆಯುತ್ತಿದೆ,
ಬರುವ ಶನಿವಾರ ಮತ್ತೆ ಹೋಗಬೇಕು.
ಬಿದಿರು ಏತದಲ್ಲೇ ಇದೆ.
ಅವಳು ಕೇಳಿಲ್ಲ.