ಮೂವತ್ತಾರನೆಯ ಜಾಗ

ವಾಲ್ದೀವಿಯಾದ ಹೊಳೆದಂಡೆಯಲ್ಲಿ ಜುಲೈ ಎಂದರೆ ಕೊರೆವ ಚಳಿ.
ಕಿಟಕಿಯಾಚೆ ಕಡಲಸಿಂಹಗಳ ಒರಟು ಜಗಳ.
ತೊಂಬತ್ತಾರು ಗುಳಿಗಳ ತಟ್ಟೆ ಹಿಡಿದು
ರಾಯೆನ್ ಕಯುಕೇಯೊ ನಡೆಯುತ್ತಾಳೆ,
ತುಂಬಿದ ಕೊಡ ಹೊತ್ತವರ ನಡಿಗೆ.

ಗುಳಿಗೊಂದು ತಪ್ಪು.
ಬೇಕೆಂದೇ ಮಾಡಿದ್ದು.

ಚಿಲ್ಕೊ ಎಂಬ ಅಲ್ಪಾಕಾದ ನೆತ್ತರಲ್ಲಿ ಸಿಕ್ಕ ಪ್ರತಿಕಾಯ,
ನೂರಿಪ್ಪತ್ತು ಮಣಿಗಳ ಸರ,
ತನ್ನನ್ನು ತಾನೇ ಮಡಚಿಕೊಂಡು ನಿಂತದ್ದು.
ಹಂಟಾ ವೈರಸ್ಸನ್ನು ಹಿಡಿಯುತ್ತದೆ, ಹಿಡಿತ ಮಾತ್ರ ಸಡಿಲ.
(ಕಟ್ಟಿಗೆಮನೆಯ ಇಲಿಹಿಕ್ಕೆ ಗುಡಿಸಿದ್ದ ಅವಳ ಅಣ್ಣ.
ಆ ಮಾತು ಅವಳು ಇಲ್ಲಿ ಆಡುವುದಿಲ್ಲ.)
ಬಿಗಿ ಮಾಡುವ ಮುನ್ನ ತಿಳಿಯಬೇಕು
ಯಾವ ಮಣಿ ಮುಟ್ಟಬಹುದು, ಯಾವುದು ಕೂಡದು.
ಹಾಗಾಗಿ ಜಾಗಜಾಗಕ್ಕೂ ಉಳಿದ ಹತ್ತೊಂಬತ್ತನ್ನು ಕೂರಿಸುತ್ತಾಳೆ,
ಮಗು ಕಾಗುಣಿತ ತಿದ್ದಿದ ಹಾಗೆ, ಕ ಕಾ ಕಿ ಕೀ,
ಅರ್ಥಕ್ಕೆ ಕಾಯದೆ.

ಬಿದ್ದದ್ದಕ್ಕಿಂತ ಬೀಳದ್ದೇ ಹೆಚ್ಚು.
ಕುಣಿಕೆಗಳ ತುದಿಯಲ್ಲಿ ಬಹುಪಾಲು ಏನಿಟ್ಟರೂ ನಡೆಯಿತು.
ನೀರಿಗೆ ಮುಖಮಾಡಿ ಹೊರಗೆ ಕೂತವರು
ಪಕ್ಕದವರು ಬದಲಾದದ್ದನ್ನು ಗಮನಿಸಲೇ ಇಲ್ಲ.
ಕಾಸಿದಳು: ಐವತ್ತು, ಅರವತ್ತು, ಅರವತ್ತೆಂಟು,
ಮಡಿಕೆ ಬಿಚ್ಚಲಿಲ್ಲ.
ಎಂಬತ್ತನಾಲ್ಕರಲ್ಲಿ, ನಿದ್ದೆಗಣ್ಣಲ್ಲಿ ಆರ್ಡರ್ ಹಾಕುವಾಗ
ಅವಳ ಬೆರಳೇ ತಪ್ಪಿ ಒತ್ತಿದ ಒಂದಕ್ಷರ
ಮೂಲಕ್ಕಿಂತ ಎರಡು ಡಿಗ್ರಿ ಹೆಚ್ಚು ತಾಳಿತು.
ನೋಟ್‌ಬುಕ್ಕಿನಲ್ಲಿ ಮೊದಲು 'ಯೋಜಿತ' ಎಂದು ಬರೆದಳು,
ಹೊಡೆದುಹಾಕಿದಳು,
'ಕೈತಪ್ಪು' ಎಂದಳು.

ಇವತ್ತು ಮೂವತ್ತಾರು. ಟ್ರಿಪ್ಟೊಫ್ಯಾನ್ ಕೂರುವ ಜಾಗ,
ಎಲ್ಲರಿಗಿಂತ ದಪ್ಪನೆಯದು, ಹೊಟ್ಟೆಯ ನಡುವೆ,
ಎರಡು ಗಂಧಕ ಕೈಹಿಡಿದು ನಿಂತ ಸೇತುವೆಗೆ ಒತ್ತಿಕೊಂಡು.
ಹಳದಿ ಬರಬೇಕಿತ್ತು.
ಹದಿನೆಂಟು ಗುಳಿ ಬರೀ ನೀರು.
ಹತ್ತಿರದ ನೆಂಟ ಟೈರೊಸಿನ್ ಇಟ್ಟಲ್ಲಿ
ಹಳದಿ ಎನ್ನಬೇಕೋ ಬೇಡವೋ ಅಷ್ಟು.

ಅಪ್ಪ ಚಿಲೋಯೆ ದ್ವೀಪದ ಬಡಗಿ.
ಇಗರ್ಜಿಯ ಗೋಡೆಗೆ ಮೀನಿನ ಹುರುಪೆಯಂತೆ ಹೊದಿಸಿದ
ಮರದ ಬಿಲ್ಲೆಗಳನ್ನು ವರ್ಷಕ್ಕಿಷ್ಟು ಕಿತ್ತು ಹೊಸದು ಹೊಡೆಯುತ್ತಾನೆ.
ಅಲೆರ್ಸೆ ಸಿಗದಿದ್ದರೆ ಸೈಪ್ರಸ್, ಅದೂ ಇಲ್ಲದಿದ್ದರೆ ತಗಡು.
ಹಾಗಾದರೆ ಇದು ಅದೇ ಇಗರ್ಜಿಯಾ ಎಂದು
ಏಳು ವರ್ಷದವಳು ಕೇಳಿದ್ದಳು.
ಬಾಯಲ್ಲಿದ್ದ ಮೊಳೆ ತೆಗೆಯದೆ ಆತ
ಒಳಗೆ ಬೆರಳು ತೋರಿಸಿದ್ದ:
ತೊಲೆಗೆ ತೊಲೆ ಕೂಡುವಲ್ಲಿ ಹೆಬ್ಬೆರಳ ಗಾತ್ರದ ಮರದ ಬೆಣೆ.

ಫೋನಿನಲ್ಲಿ ಕೇಳಿದಳು,
ಆ ಬೆಣೆ ಬದಲಾಯಿಸಿದ್ದೀರಾ ಯಾವತ್ತಾದರೂ?
ಆತ ಕೆಮ್ಮಿದ. ತಗಡಿನ ಬೆಲೆ ಹೇಳಿದ.
ಆಮೇಲೆ ಅಂದ, ಒಂದು ಸಲ.
ನಿನ್ನ ಅಣ್ಣನೂ ಇದ್ದ.
ಮೊದಲು ಬೇರೆ ಕಡೆ ಒಂದು ಆಸರೆಗಂಬ ಕೊಟ್ಟೆವು,
ಭಾರ ಅತ್ತ ಸರಿಯಿತು,
ಆಗ ಇದು ತಾನಾಗಿ ಸಡಿಲಬಿಟ್ಟಿತು.

ತಾಳಿದವನು ಬಾಳಿಯಾನು ಅನ್ನುತ್ತಾರೆ.
ಯಾರ ಹೆಗಲ ಮೇಲೆ ತಾಳಿದ ಎಂದು ಯಾರೂ ಅನ್ನುವುದಿಲ್ಲ.

ರಾತ್ರಿ ಹನ್ನೊಂದಕ್ಕೆ ಕೈಗವಸು ಮತ್ತೆ ಹಾಕುತ್ತಾಳೆ.
ಹೊಸ ಪುಟ. ಎಂಬತ್ತನಾಲ್ಕು: ಕೈತಪ್ಪು.
ಅದರ ಜೊತೆಗೆ ಮೂವತ್ತಾರು: ಟೈರೊಸಿನ್.
ಫಲಿತಾಂಶದ ಅಂಕಣ ಖಾಲಿ.
ಹೊರಗೆ ಕಡಲಸಿಂಹವೊಂದು ಮರದ ಕಟ್ಟೆಯೇರಿ
ಮಲಗಿದ್ದವರನ್ನು ಒತ್ತರಿಸುತ್ತಿದೆ.
ಅವು ಗೊಣಗುತ್ತಾ, ಕಣ್ಣು ತೆರೆಯದೆ,
ಒಂಚೂರು ಸರಿಯುತ್ತಿವೆ.