ಬ್ಯಾಟರಿ

ಕ್ವಿರಿಯೋನಿ ಎನ್ನುತ್ತೇವೆ ನಾವದನ್ನು,
ಅಲಜಾನಿ ಹೊಳೆಯ ಈಚೆ ದಡದವರು.
ತನ್ನ ಹೆಸರನ್ನೇ ಗಂಟಲಲ್ಲಿ ಉರುಳಿಸುತ್ತ ಬರುತ್ತದೆ,
ಕ್ವಿರ್, ಕ್ವಿರ್,
ಕಳ್ಳ ತಾನೇ ಡಂಗುರ ಹೊಡೆದುಕೊಂಡು ಬಂದಂತೆ.

ಬಿಸಿಲಿದ್ದರೆ ಚಿಂತೆಯಿಲ್ಲ, ಎತ್ತರದಲ್ಲಿ ಏನೋ ಸಿಗುತ್ತದೆ ಅದಕ್ಕೆ.
ಮೋಡ ಮುಸುಕಿದ ದಿನ ಕೆಳಗಿಳಿದು
ನನ್ನ ಪೆಟ್ಟಿಗೆಗಳೆದುರಿನ ತಂತಿಯ ಮೇಲೆ
ಸಾಲಾಗಿ ಕೂರುತ್ತವೆ, ಇಪ್ಪತ್ತೆರಡು,
ಹಬ್ಬದ ಬಟ್ಟೆ ತೊಟ್ಟು ಸಾಕ್ಷಿ ಹೇಳಲು ಬಂದವರ ಹಾಗೆ.
ಹಿಡಿದ ನೊಣವನ್ನು ತಂತಿಗೆ ಬಡಿದು,
ಹಿಂಬದಿ ಉಜ್ಜಿ, ನಂಜು ಹಿಂಡಿ ನುಂಗುವುದು
ಮೀನಿನ ಮುಳ್ಳು ಬಿಡಿಸುವಷ್ಟು ನಾಜೂಕು.

ಕೆಲಸದ ನೊಣಗಳು ಹೋದರೆ ಹೋಗಲಿ,
ಬೇಸಿಗೆಯಲ್ಲಿ ತಾವಾಗಿಯೇ ಎಷ್ಟೋ ಸಾಯುತ್ತವೆ.
ಆದರೆ ಏಳನೇ ಪೆಟ್ಟಿಗೆಯ ರಾಣಿ,
ಆ ಮಂಗಳವಾರ ಗಂಡುಗಳನ್ನರಸಿ ಮೊದಲ ಸಲ ಹಾರಿದವಳು,
ಮರಳಲಿಲ್ಲ.
ಸಂಜೆ ಪೆಟ್ಟಿಗೆಗೆ ಕಿವಿಯಿಟ್ಟೆ.
ರಾಣಿಯಿಲ್ಲದ ಗೂಡು ಗುಂಯ್ಗುಡುವುದಿಲ್ಲ, ನರಳುತ್ತದೆ.
ನನ್ನ ಉಶಾಂಗಿ ಸತ್ತ ದಿನ ಅಡುಗೆಮನೆಯಲ್ಲಿ
ಯಾರೂ ಇಳಿಸದೆ ನೀರು ಕುದಿಯುತ್ತಲೇ ಇತ್ತು. ಅಂಥ ಸದ್ದು.

ಗೊದೆರ್ಜಿ ಬಂದ. ಅವನವು ಮೂರು ಗೂಡು ಹೋಗಿದ್ದವು.
"ಕೋವಿ ಬೇಡ ಎತೇರಿ, ದಂಡ ಹಾಕುತ್ತಾರೆ.
ಇರುಳು ಹೊಳೆದಂಡೆಗೆ ನಡಿ,
ಬಿಲಗಳ ಬಾಯಿಗೆ ಹಸಿಮಣ್ಣು ಮೆತ್ತೋಣ."
ನಾನು ಬೇಡವೆನ್ನಲಿಲ್ಲ.
ಟಾರ್ಚ್ ನಾನೇ ಹಿಡಿದೆ.

ದಂಡೆಯ ಬುಡದಲ್ಲಿ ಅವು ಉಗುಳಿದ ಕಪ್ಪು ಉಂಡೆಗಳು.
ಒಂದನ್ನು ಬೆರಳಲ್ಲಿ ಪುಡಿಮಾಡಿದೆ:
ಜೇನಿನ ರೆಕ್ಕೆ, ಜೇನಿನ ರೆಕ್ಕೆ, ಜೇನಿನ ರೆಕ್ಕೆ,
ಒಂದು ಕಣಜದ ತಲೆ.
ಕಣಜ ನನ್ನ ಗೂಡಿಗೂ ಶತ್ರುವೇ. ಆದರೂ
ಲೆಕ್ಕ ಸರಿಹೋಗಲಿಲ್ಲ.
ಸರಿಹೋಗಲೆಂದು ಇನ್ನೊಂದನ್ನು ಒಡೆದೆ. ಇಲ್ಲ.

ನಾಲ್ಕು ಬಿಲ ಮುಚ್ಚಿದ್ದ ಗೊದೆರ್ಜಿ.
ಐದನೆಯದಕ್ಕೆ ಬೆಳಕು ಹಿಡಿದಾಗ
ತೋಳುದ್ದದ ಕತ್ತಲಿನಾಚೆ ಮರಿಗಳು ಸಣ್ಣಗೆ ಪೀಂಗುಟ್ಟಿದವು.
ಹೊಸ ರಾಣಿ, ಮೇಣದ ಮುಚ್ಚಳ ಕಡಿಯುವ ಮುನ್ನ
ಒಳಗಿನಿಂದ ಕೂಗುತ್ತಾಳಲ್ಲ,
ಥೇಟ್ ಆ ದನಿ.
ಮೂವತ್ತೊಂದು ವರ್ಷದಿಂದ ಅದು ಕೇಳಿದೊಡನೆ
ಉಸಿರು ಬಿಗಿಹಿಡಿದು ನಿಲ್ಲುವವಳು ನಾನು.

ಟಾರ್ಚ್ ಆರಿತು.
"ಏನಾಯ್ತು?"
"ಬ್ಯಾಟರಿ," ಎಂದೆ.
ಕೈಯ ಮಣ್ಣನ್ನು ಅವನು ಪ್ಯಾಂಟಿಗೆ ಒರೆಸಿಕೊಳ್ಳುವ ಸದ್ದು.

ನಸುಕಿನಲ್ಲಿ ಒಬ್ಬಳೇ ಹೋಗಿ
ನಾಲ್ಕರ ಮಣ್ಣನ್ನೂ ಚಮಚದಲ್ಲಿ ಕೆತ್ತಿದೆ.
ಮೂರರೊಳಗೆ ಸದ್ದಿತ್ತು.

ಸೆಪ್ಟೆಂಬರಿನಲ್ಲಿ ಹೊರಟವು,
ಹೋಗುವ ದಿನವೂ ಅದೇ ತಂತಿಯ ಮೇಲೆ ಕೂತು
ನನ್ನ ನೊಣಗಳದೇ ಬುತ್ತಿ ಕಟ್ಟಿಕೊಂಡು.
ಏಳನೇ ಪೆಟ್ಟಿಗೆ ಖಾಲಿ.
ಗೊದೆರ್ಜಿಗೆ ಒಂದು ಬಾಟಲಿ ಜೇನು ಕೊಟ್ಟೆ, ಈ ಸಲ ಕೊರಳಿಗಿಂತ ಕೆಳಗೆ.
ಬೆರಳದ್ದಿ ನೆಕ್ಕಿದ. ಗೂಟದಲ್ಲಿ ತೂಗುತ್ತಿದ್ದ
ಟಾರ್ಚನ್ನು ಒತ್ತಿ ನೋಡಿದ.
ಹತ್ತಿತು.
ಆರಿಸಿ, ಅಲ್ಲೇ ತೂಗುಹಾಕಿ, ಹೋದ.